ಎಣ್ಣೆ ಹಚ್ಚದ ತಲೆ

ಆಗೆಲ್ಲ ಘಾಟ್ಕೋಪರಿಗೂ ಚಳಿ ಬರುತ್ತಿತ್ತು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಸಂಕ್ರಾಂತಿಯ ಹಿಂದುಮುಂದಿನ ಕೆಲವು ವಾರ ಒಣ ಗಾಳಿ ಬೀಸಿ ತುಟಿ ಒಡೆಯುತ್ತಿತ್ತು, ಚಾಳಿನ ಗ್ಯಾಲರಿಯಲ್ಲಿ ಹರವಿದ ಬಟ್ಟೆ ಮಧ್ಯಾಹ್ನದೊಳಗೆ ಹಪ್ಪಳವಾಗುತ್ತಿತ್ತು. ಉಳಿದ ತಿಂಗಳುಗಳಲ್ಲಿ ಮುಂಬಯಿಯಲ್ಲಿ ಉಪ್ಪಿನ ಡಬ್ಬಿಯೂ ಬೆವರುತ್ತದೆ. ನಾನು ಹೇಳುತ್ತಿರುವುದು ಆ ಒಣ ವಾರಗಳಲ್ಲಿ ಮಾತ್ರ ನಡೆಯಬಹುದಾಗಿದ್ದ ಸಂಗತಿ.

ನಾವು ಧಾರವಾಡ ಕಡೆಯವರು. ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ನಾನು. ಆ ವರ್ಷ ನಾನು ದೊಡ್ಡವಳಾದೆ ಎಂಬ ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಅಪ್ಪನ ತಾಯಿ, ನಮ್ಮ ಅಜ್ಜಿ, ಟ್ರಂಕು ಕಟ್ಟಿಕೊಂಡು ಬಂದುಬಿಟ್ಟರು. ಅಲ್ಲಿಯವರೆಗೆ ಅಷ್ಟಿಷ್ಟು ಸಡಿಲವಿದ್ದ ಮಡಿ-ಮೈಲಿಗೆ ಅವರ ಹಿಂದೆಯೇ ಬಂದಿಳಿಯಿತು. ತಿಂಗಳ ಆ ದಿನಗಳಲ್ಲಿ ನಾನು ಕಿಟಕಿಯ ಕೆಳಗಿನ ಮೂಲೆಯಲ್ಲಿ ಒಂದು ಕಂಬಳಿಯ ಮೇಲೆ ಕೂಡಬೇಕು. ಹೆಸರಿಗೆ 'ಹೊರಗೆ ಕೂತವಳು', ಆದರೆ ಹೊರಗೆ ಹೋಗುವಂತಿಲ್ಲ. ಪುಸ್ತಕ ಸರಸ್ವತಿ, ಮುಟ್ಟುವಂತಿಲ್ಲ. ತಲೆಗೆ ಎಣ್ಣೆಯಿಲ್ಲ. ಅನ್ನ ಮೇಲಿನಿಂದ ಬೀಳುತ್ತಿತ್ತು, ನೀರೂ ಮೇಲಿನಿಂದಲೇ.

"ಸುಧಾ, ಕಾಲು ಕಂಬಳಿ ದಾಟಿ ಬಂದಾವ. ಎಳಕೋ ಒಳಗ," ಎಂದು ಅಜ್ಜಿ ಜಪಮಣಿಯ ನಡುವೆಯೂ ಗದರುತ್ತಿದ್ದರು.

ಅವ್ವ ಒಲೆಯ ಮುಂದೆ ಕೂತು ಕುಸುರೆಳ್ಳು ಮಾಡುತ್ತಿದ್ದಳು. ಸಕ್ಕರೆ ಪಾಕದ ವಾಸನೆ ನನ್ನ ಮೂಲೆಯವರೆಗೆ ಬರುತ್ತಿತ್ತು, ಕೆಳಗಿನ ಅಂಗಳದಿಂದ ಗೆಳತಿಯರ ಕುಂಟಾಟದ ಗದ್ದಲವೂ ಬರುತ್ತಿತ್ತು. ಕಿಟಕಿಯ ಸರಳು ಹಿಡಿದು ನಿಂತರೆ ಅವರ ಜಡೆಗಳು ಹಾರುವುದಷ್ಟೇ ಕಾಣುತ್ತಿತ್ತು. ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಏಳನೆಯ ಇಯತ್ತೆ ಮುಗಿದ ಮೇಲೆ ನನ್ನ ಶಾಲೆ ಬಿಡಿಸಬೇಕು, ಹುಬ್ಬಳ್ಳಿಯಲ್ಲಿ ಒಬ್ಬ ವರನಿದ್ದಾನೆ ಎಂದು ಅಜ್ಜಿ ಹಟ ಹಿಡಿದಿದ್ದರು. ಅಪ್ಪ "ನೋಡೋಣ" ಎಂದಿದ್ದರು. ಅಪ್ಪನ 'ನೋಡೋಣ' ಯಾವ ಕಡೆಗೆ ವಾಲುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ.

ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕಿಯನ್ನು ಎಲ್ಲರೂ ಮರಾಠಿ ರೂಢಿಯಂತೆ 'ಬಾಯಿ' ಎಂದೇ ಕರೆಯುತ್ತಿದ್ದೆವು. ಹಿಂದಿನ ವಾರ ಅವರು ಸ್ಥಿರ ವಿದ್ಯುತ್ತಿನ ಪಾಠ ಮಾಡಿದ್ದರು. ಎರಡು ವಸ್ತು ಉಜ್ಜಿದರೆ ಒಂದರ ವಿದ್ಯುತ್ತು ಇನ್ನೊಂದಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ, ತಂತಿಯಲ್ಲಿ ಹರಿಯುವಂತೆ ಹರಿಯುವುದಿಲ್ಲ. ಹಾಗೆ ಕೂತದ್ದು ಹಗುರ ವಸ್ತುಗಳನ್ನು ಮುಟ್ಟದೆಯೇ ಎಳೆಯುತ್ತದೆ. ತೋರಿಸಲೆಂದು ನಮ್ಮೆಲ್ಲರಿಗೂ ಬಾಚಣಿಗೆ ತರಿಸಿ ತಲೆ ಬಾಚಿಸಿದರು. ಕಾಗದದ ಚೂರುಗಳು ಮಾತ್ರ ಕದಲಲಿಲ್ಲ.

"ಪುಸ್ತಕದಾಗ ಏಳತಾವ, ನಮ್ಮ ವರ್ಗದಾಗ ಏಳವಲ್ಲವು," ಎಂದು ಬಾಯಿ ನಕ್ಕರು. "ಇನ್‌ಸ್ಪೆಕ್ಟರ್ ಸಾಹೇಬರು ಬರೋದರಾಗ ಯಾರರೆ ಮಾಡ್ಕೊಂಡು ಬರ್ರಿ. ಅವರ ಮುಂದ ನಿಂತು ಹೇಳೋದು ಆಕೀದ."

ಇನ್‌ಸ್ಪೆಕ್ಟರ್ ಬರುವುದು ನಾನು ಮೂಲೆಯಿಂದ ಎದ್ದು ತಲೆಸ್ನಾನ ಮಾಡುವ ದಿನವೇ, ಮಧ್ಯಾಹ್ನ. ಅವರೆದುರು ನಾನು ನಿಂತು ಹೇಳಿದರೆ ಅಪ್ಪನ 'ನೋಡೋಣ' ನನ್ನ ಕಡೆ ವಾಲುತ್ತದೆ ಎಂದು ನನಗೆ ಹೇಗೋ ನಂಬಿಕೆ ಹುಟ್ಟಿತ್ತು.

ಒಂದು ಮಧ್ಯಾಹ್ನ ಅಜ್ಜಿ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಗ ಗುಟ್ಟಾಗಿ ತಲೆ ಬಾಚಿಕೊಂಡೆ. ಚಿಟಿಚಿಟಿ ಸದ್ದಾಗಿ ಕೂದಲೆಲ್ಲ ಎದ್ದು ನಿಂತಿತು. ಶೇಂಗಾ ಕಟ್ಟಿಕೊಂಡು ಬಂದ ರದ್ದಿ ಕಾಗದವನ್ನು ಚೂರು ಮಾಡಿ ಬಾಚಣಿಗೆ ಹಿಡಿದೆ. ಪುಟಪುಟನೆ ಜಿಗಿದು ಅಂಟಿಕೊಂಡವು! ಕೂಗಬೇಕೆನಿಸಿತು, ಕೂಗುವಂತಿರಲಿಲ್ಲ. ಮತ್ತೆ ಬಾಚಿದೆ, ಮತ್ತೆ ಎಳೆದೆ, ಕಂಬಳಿಯ ಮೇಲೆ ಅತ್ತಿತ್ತ ಜರುಗುತ್ತ ಎಷ್ಟು ಹೊತ್ತು ಆಡಿದೆನೋ ತಿಳಿಯದು. ಆಗಲೇ ಹೊಳೆಯಿತು. ವರ್ಗದ ಎಲ್ಲ ಹುಡುಗಿಯರ ತಲೆಯಲ್ಲೂ ಕೊಬ್ಬರಿ ಎಣ್ಣೆ ಇಳಿಯುವಷ್ಟಿತ್ತು. ನನ್ನ ತಲೆ ಈಗ ಒಣಗಿದೆ.

ಅಷ್ಟರಲ್ಲಿ ಅಜ್ಜಿ ನೀರಿನ ತಂಬಿಗೆ ಹಿಡಿದು ಬಂದರು. ನಾನು ಹಿತ್ತಾಳೆ ಲೋಟ ಮೇಲೆತ್ತಿದೆ. ತಂಬಿಗೆಗೂ ಲೋಟಕ್ಕೂ ಇನ್ನೂ ಕೂದಲೆಳೆಯಷ್ಟು ಅಂತರವಿರುವಾಗ 'ಚಟ್' ಎಂದಿತು. ಇಬ್ಬರ ಕೈಯೂ ಜುಮ್ಮೆಂದಿತು.

"ಅಯ್ಯಯ್ಯ, ಮುಟ್ಟಿದೀ ನನ್ನ!"

"ಇಲ್ಲಜ್ಜೀ, ಮುಟ್ಟಿಲ್ಲ. ಅದು ವಿದ್ಯುತ್ತು."

"ಖೋಲಿಗೆ ಇನ್ನೂ ಲೈಟ ಬಂದಿಲ್ಲ, ಇಕಿ ಕೈಯಾಗ ವಿದ್ಯುತ್ ಬಂತಂತ!"

ನಳದಲ್ಲಿ ನೀರು ನಿಂತುಹೋಗಿತ್ತು. ಹಂಡೆಯ ತಳದ ತಣ್ಣೀರನ್ನೇ ಸುರಿದುಕೊಂಡು ಮತ್ತೆ ಸ್ನಾನ ಮಾಡಿದ ಅಜ್ಜಿ ನಡುಗುತ್ತ ಕೂತರು. ಸಂಜೆ ಅಪ್ಪ ಚಪ್ಪಲಿ ಬಿಡುವ ಮೊದಲೇ ತೀರ್ಪು ಹೊರಬಿತ್ತು: "ಸಾಲಿ ಕಲ್ತು ಮೈಲಿಗಿ ಮಾಡೋದು ಕಲ್ತಾಳ. ಸಾಕಿನ್ನ." ಅಪ್ಪ ನನ್ನ ಮುಖ ನೋಡದೆ "ನೋಡೋಣ" ಎಂದರು. ಈ ಸಲ ಅದು ಅಜ್ಜಿಯ ಕಡೆಗೇ ವಾಲಿತ್ತು.

ನನ್ನ ಗತಿ ನೋಡಿ. ತಲೆ ಒಣಗಿ ಪ್ರಯೋಗ ಫಲಿಸುವ ದಿನಗಳಲ್ಲಿ ನಾನು ಮೂಲೆ ಬಿಟ್ಟು ಏಳುವಂತಿಲ್ಲ. ಎದ್ದ ದಿನ ತಲೆಸ್ನಾನ ಆಗಿ, ಹಿಂದೆಯೇ ಎಣ್ಣೆ ಹಚ್ಚಿ ಜಡೆ ಬಿಗಿಯುತ್ತಾರೆ, ಪ್ರಯೋಗ ಅಲ್ಲಿಗೆ ಸತ್ತಿತು. ಅವ್ವನಿಗೆ ದೂರದಿಂದಲೇ ಪಿಸುಗುಟ್ಟಿದೆ, "ಆವತ್ತ ಎಣ್ಣಿ ಹಚ್ಚಬ್ಯಾಡವಾ."

"ಹುಚ್ಚಿ! ಒಣಾ ತಲಿ ತಗೊಂಡು ಹೊರಗ ಬಿದ್ದರ ಚಾಳಿನ ಮಂದಿ ಏನಂದಾರು?" ಎಂದಳು ಅವ್ವ. ಆದರೆ ಕುಸುರೆಳ್ಳು ತಿರುವುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತ್ತು.

ಆ ಬೆಳಿಗ್ಗೆ ಸೀಗೆಕಾಯಿ ಹಾಕಿ ತಿಕ್ಕಿ ಎರೆದಳು. ಬಿಸಿಲಲ್ಲಿ ಕೂದಲಾರಿದ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಬಟ್ಟಲನ್ನು ಅಜ್ಜಿಗೆ ಕಾಣುವಂತೆ ಪಕ್ಕಕ್ಕಿಟ್ಟಳು. ಬೆರಳು ನೆತ್ತಿಗೆ ತಾಗಿದಾಗ ಮೈ ಜುಮ್ಮೆಂದಿತು. ಅದು ಎಣ್ಣೆಯಲ್ಲ, ತಣ್ಣೀರು. ನಾನು ತಿರುಗಬಾರದೆಂದು ಅವ್ವ ಜಡೆಯನ್ನು ಒಮ್ಮೆ ಜಗ್ಗಿದಳು.

ಮಧ್ಯಾಹ್ನದೊಳಗೆ ನೀರಾರಿತ್ತು. ಇನ್‌ಸ್ಪೆಕ್ಟರ್ ಎದುರು ಜಡೆ ಬಿಚ್ಚಿ ಬಾಚಿದೆ, ಕಾಗದದ ಚೂರು ಜಿಗಿದವು. ಗೆಳತಿಯರ ಬಾಚಣಿಗೆಗೆ ಏಳಲಿಲ್ಲ, ಏಕೆಂದು ಅವರು ಕೇಳಿದರು. ಎಣ್ಣೆ ಎಂದೆ.

"ಹಾಗಾದರೆ ನಿನ್ನ ತಲೆಗೇಕಮ್ಮ ಎಣ್ಣೆಯಿಲ್ಲ?"

ಕಾರಣ ಗೊತ್ತಿದ್ದ ಹುಡುಗಿಯರೆಲ್ಲ ತಲೆ ತಗ್ಗಿಸಿದರು. ನೆಲ ಬಾಯಿಬಿಡಬಾರದೇ ಎನಿಸಿತು.

"ಅವರ ಮನ್ಯಾಗ ಎಣ್ಣಿ ತೀರಿತ್ತಂತರಿ, ಸರ್," ಎಂದರು ಬಾಯಿ, ಮುಖದ ಗೆರೆಯೊಂದೂ ಅಲುಗದಂತೆ. ಇನ್‌ಸ್ಪೆಕ್ಟರ್ ನಕ್ಕು ನನ್ನ ಬೆನ್ನು ತಟ್ಟಿದರು.

ಸಂಜೆ ಅಜ್ಜಿ ನನ್ನ ಹಾರುವ ಕೂದಲು ನೋಡಿದ ಕೂಡಲೆ ಎಲ್ಲ ತಿಳಿದುಕೊಂಡರು. "ಯಾರು ಕಳಿಸಿದ್ರು ಹಿಂಗ?" ಅಪ್ಪ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವ್ವ ಒಲೆಯ ಮುಂದಿನಿಂದ ಎದ್ದಳು. ಅತ್ತೆಯ ಎದುರು ಅವಳು ತಲೆಯೆತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನಾನರೀ. ಸಾಲಿಗೆ ಬೇಕಾಗಿತ್ತು, ಹಚ್ಚಲಿಲ್ಲ. ಮುಂದಿನ ವರ್ಷನೂ ಆಕಿ ಸಾಲಿಗೆ ಹೋಗ್ತಾಳ."

ಅಪ್ಪ ಆವತ್ತು 'ನೋಡೋಣ' ಎನ್ನಲಿಲ್ಲ. "ಹೋಗ್ಲಿ," ಎಂದರು.

ನಾನು ಮ್ಯಾಟ್ರಿಕ್ ಆದೆ. ಮೂಲೆ ಮಾತ್ರ ಹಾಗೇ ಉಳಿಯಿತು, ನನಗೂ ಅವ್ವನಿಗೂ. ಆ ವರ್ಷವೇ ಸಂಕ್ರಾಂತಿಯ ಮಾರನೆಯ ವಾರ ಅವ್ವನ ಸರದಿ ಬಂತು. ಅಜ್ಜಿ ಗುಡಿಗೆ ಹೋದದ್ದು ನೋಡಿ ಅವಳು, "ಸುಧೀ, ಆ ಹಣಗೀ ಆಟ ನನಗೂ ಕಲಸ," ಎಂದಳು. ಬಾಚಣಿಗೆ ಎಸೆದೆ. ಉದ್ದ ಕೂದಲು ಬಿಚ್ಚಿ ಬಾಚಿಕೊಂಡಳು. ಕಾಗದ ಜಿಗಿದಾಗ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನನ್ನ ವಾರಿಗೆಯ ಹುಡುಗಿಯ ಹಾಗೆ. "ಮುಟ್ಟದನ ಎಳೀತದಲ್ಲ!" ಎಂದಳು. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತ್ತು. ಕಂಬಳಿಯ ಈಚೆಗೇ ನಿಂತೆ.

ಈಗ ಚಾಳಿನ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅದೇ ವಿದ್ಯುತ್ತು ಕರಿ ಪುಡಿಯನ್ನು ಕಾಗದಕ್ಕೆ ಎಳೆದು ಅಕ್ಷರ ಮೂಡಿಸುತ್ತದಂತೆ. ಏಸಿ ಕೋಣೆಯಲ್ಲಿ ಮೊಮ್ಮಗಳು ಸ್ವೆಟರ್ ಬಿಚ್ಚಿದರೆ ಚಟಚಟ ಎನ್ನುತ್ತದೆ, ಅವಳು ಗಮನಿಸುವುದೂ ಇಲ್ಲ. ತಿಂಗಳ ಯಾವ ದಿನವಾದರೂ ಬಂದು ನನ್ನ ಕೊರಳಿಗೆ ಜೋತುಬೀಳುತ್ತಾಳೆ. ನಮ್ಮ ಮನೆಯಲ್ಲಿ ಈಗ ಯಾರು ಯಾರನ್ನೂ ಮುಟ್ಟಬಹುದು. ಅವ್ವ ಮಾತ್ರ ಇಲ್ಲ.