ಹಿತ್ತಾಳೆ ಪಟ್ಟಿಯ ಮೇಲಿನ ಹೆಸರು

ಮುನಿರಾಜಣ್ಣನಿಗೆ ಮಂಕಾದ ಹಿತ್ತಾಳೆಯನ್ನು ಕಂಡರೆ ಆಗುತ್ತಿರಲಿಲ್ಲ. ಹುಣಸೆಹಣ್ಣಿನ ಉಂಡೆ ಹಿಡಿದು ಮಹಡಿಯಿಂದ ಇಳಿಯುತ್ತ ಬಾಡಿಗೆದಾರರ ಬಾಗಿಲ ಚಿಲಕಗಳನ್ನೂ ಬಿಡದೆ ಉಜ್ಜುತ್ತಿದ್ದ. ಸದ್ದಿಗೆ ಗಾಬರಿಯಾಗಿ ಇಣುಕಿದರೆ, "ನೀವಂತೂ ನೋಡ್ಕೊಳಲ್ಲ, ನಾನಾದ್ರೂ ನೋಡ್ಕೋಬೇಕಲ್ಲ ಸಾರ್" ಎನ್ನುತ್ತಿದ್ದ. ನಲ್ಲಿ ಸೋರುತ್ತಿದೆ ಎಂದರೆ ಮಾತ್ರ ಅವನ ಕಿವಿ ಮಂದವಾಗುತ್ತಿತ್ತು.

ಪುಟ್ಟೇನಹಳ್ಳಿಯಲ್ಲಿ ಅವನಪ್ಪ ರಾಗಿ ಬೆಳೆದ ಜಾಗದಲ್ಲಿ ಎದ್ದ ಕಟ್ಟಡದಲ್ಲಿ ನಾವು ಬಾಡಿಗೆಗಿದ್ದೆವು. ಅದರ ನೆತ್ತಿಯಲ್ಲಿ ಗ್ರಾನೈಟು, ಗ್ರಾನೈಟಿನಲ್ಲಿ ಮುನಿರಾಜಣ್ಣನ ಹೆಸರು. ಗೇಟಿನ ಮೇಲೂ ಅದೇ, ನೀರಿನ ಟ್ಯಾಂಕಿನ ಮೇಲೂ ಅದೇ. ಹೆಸರಿಲ್ಲದ ವಸ್ತು ಅವನ ಮನೆಯಲ್ಲಿ ಒಂದೇ ಇತ್ತು: ಅಪ್ಪ ಊರ ಭಜನೆಯಲ್ಲಿ ನುಡಿಸುತ್ತಿದ್ದ ಬ್ಯಾಂಜೊ. ಉದ್ದನೆಯ ಮರದ ಪೆಟ್ಟಿಗೆ, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಮುನಿರಾಜಣ್ಣನಿಗೆ ನುಡಿಸಲು ಬರುತ್ತಿರಲಿಲ್ಲ. ಅದರ ಬಗ್ಗೆ ಮಾತಾಡಲು ಬರುತ್ತಿತ್ತು. ಮಾಡಿದವನು ಒಮ್ಮೆ ಅರಮನೆಯ ಬಡಗಿ, ಇನ್ನೊಮ್ಮೆ ಕಲ್ಕತ್ತಾದ ಸಾಹೇಬ. ಕೇಳುವವರು ಹೊಸಬರಾಗಿದ್ದರೆ ಜರ್ಮನಿಯವನು.

ಮಗಳನ್ನು ಕೊಟ್ಟ ಬೀಗರು ಊಟಕ್ಕೆ ಬಂದಾಗ ಇದನ್ನು ನೋಡಿ, "ಗುಜರಿಲಿ ತಗೊಂಡ್ರಾ?" ಎಂದುಬಿಟ್ಟರು. ಅವತ್ತು ಅವನು ಪಾಯಸ ಮುಟ್ಟಲಿಲ್ಲ. ಮಾಡಿದವನ ಹೆಸರು ಹಿಡಿದು ಬೀಗರ ಮುಖಕ್ಕೆ ತೋರಿಸಬೇಕು ಎಂಬ ಹಟ ಅಂದು ಹುಟ್ಟಿತು.

ನನ್ನನ್ನೂ ಎಳೆದುಕೊಂಡು ಜಯನಗರದ ವಾದ್ಯದ ಅಂಗಡಿಗೆ ಹೋದ. ಅಂಗಡಿಯವರು ಪೆಟ್ಟಿಗೆಯ ತುದಿಯ ಹಿತ್ತಾಳೆ ಪಟ್ಟಿಯನ್ನು ಬೆಳಕಿಗೆ ಹಿಡಿದರು. "ಹೆಸರು ಇಲ್ಲೇ ಕೆತ್ತಿರ್ತಾರೆ ಸಾರ್. ಯಾರೋ ಉಜ್ಜಿ ಉಜ್ಜಿ ಸಾಯ್ಸಿದಾರೆ."

"ಯಾವನೋ ಬೇವರ್ಸಿ," ಎಂದ ಮುನಿರಾಜಣ್ಣ. "ಹಳೇ ವಸ್ತುಗೆ ಬೆಲೆ ಕೊಡೋದೇ ಗೊತ್ತಿಲ್ಲ ನಮ್ ಜನಕ್ಕೆ."

ಶಾಪ ಹಾಕುವಾಗಲೂ ಅವನ ಹೆಬ್ಬೆರಳು ಅದೇ ಪಟ್ಟಿಯನ್ನು ತಿಕ್ಕುತ್ತಿತ್ತು. ಆಯುಧಪೂಜೆ ಬಂದರೆ ಮೊದಲು ಸ್ಕೂಟರು, ಆಮೇಲೆ ನೀರಿನ ಮೋಟರು, ಕೊನೆಗೆ ಬ್ಯಾಂಜೊ. ಹುಣಸೆಹಣ್ಣು ಹಚ್ಚಿ ಪಟ್ಟಿಯನ್ನು ಕನ್ನಡಿ ಮಾಡಿ, ಅದರ ಹಣೆಗೆ ಕುಂಕುಮ ಇಡುವುದನ್ನು ನಾನೇ ಕಂಡಿದ್ದೆ. ಭಕ್ತಿಯಿಂದ ಇಷ್ಟು ಚೊಕ್ಕವಾಗಿ ಇನ್ನೊಬ್ಬರ ಹೆಸರು ಅಳಿಸಿದವರನ್ನು ನಾನು ಬೇರೆ ನೋಡಿಲ್ಲ. ಮನೆ ಓನರಿಗೆ ಇದನ್ನೆಲ್ಲ ಹೇಳಲಾಗುತ್ತದೆಯೇ?

ದಾರಿ ತೋರಿಸಿದ್ದು ಅವನ ಹೆಂಡತಿ. "ಜಯಮ್ಮಂಗೆ ಗೊತ್ತಿರುತ್ತೆ. ಮಾವ ಅವಳಿಗೆ ಅಕ್ಷರ ಕಲ್ಸಿದ್ದೇ ಆ ಪಟ್ಟಿ ಮೇಲೆ ಬೆರಳಿಡ್ಸಿ."

ಜಯಮ್ಮ ಅವನ ತಂಗಿ, ಇದ್ದುದು ವಸಂತಪುರದಲ್ಲಿ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಜಮೀನಿನ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೆ ಅವನು ಆ ಮನೆಯ ಹೊಸಿಲು ತುಳಿದಿರಲಿಲ್ಲ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನು ಜೊತೆ ಮಾಡಿಕೊಂಡ.

ಜಯಮ್ಮ ಬಾಗಿಲಲ್ಲೇ ನಕ್ಕರು. "ಬಾ ಅಣ್ಣ. ಸೈನ್ ಹಾಕೋದು ಇನ್ನೇನಾದ್ರೂ ಉಳಿದಿತ್ತಾ?"

ಕಾಫಿ ಬಂತು. ಅವನು ವಿಷಯ ಹೇಳಿದ.

"ಹೆಸರು ಗೊತ್ತು. ಬ್ಯಾಂಜೊ ಕೊಡು, ಹೇಳ್ತೀನಿ."

"ಬ್ಯಾಂಜೊ ಕೊಟ್ಮೇಲೆ ಹೆಸರು ಕಟ್ಕೊಂಡು ಏನ್ ಮಾಡ್ಲಿ?"

"ಇಷ್ಟು ದಿನ ಏನ್ ಮಾಡ್ತಿದ್ಯೋ ಅದನ್ನೇ ಮಾಡು. ಉಜ್ಜು."

ವಾಪಸಾಗುವಾಗ ಆಟೋದಲ್ಲಿ ಅವನು ಕಣ್ಣೊರೆಸಿಕೊಂಡ ಎಂದು ಬರೆದರೆ ಚೆನ್ನಾಗಿರುತ್ತದೆ. ಒರೆಸಿಕೊಳ್ಳಲಿಲ್ಲ. ಆಟೋದವನ ಜೊತೆ ಮೀಟರಿನ ಬಗ್ಗೆ ಜಗಳವಾಡಿದ. ತಂಗಿ ಹೇಳಿದ್ದು ಅವನಿಗೆ ನಾಟಿತೋ ಇಲ್ಲವೋ, ನಾನು ಈಗ ಏನು ಹೇಳಿದರೂ ಅದು ನನ್ನ ಕಟ್ಟುಕತೆಯೇ.

ಸ್ವಲ್ಪ ದಿನಕ್ಕೆ ಅವನು ನನ್ನನ್ನು ಮೇಲಕ್ಕೆ ಕರೆದ. ಹಿತ್ತಾಳೆ ಪಟ್ಟಿಯ ಮೇಲೆ ದುಂಡನೆಯ ಹೊಸ ಅಕ್ಷರಗಳಿದ್ದವು: ಮುನಿರಾಜು, ಪುಟ್ಟೇನಹಳ್ಳಿ.

"ಖಾಲಿ ಇತ್ತಲ್ಲ ಸಾರ್," ಎಂದ. "ಬೀಗ್ರು ಬರ್ಲಿ ಈಗ."

ಬೀಗರು ಬಂದದ್ದು ಅವನ ತಿಥಿಗೆ. ಎದೆನೋವು ಎಂದವನು ಆಸ್ಪತ್ರೆಯಿಂದ ಹಿಂದಿರುಗಿರಲಿಲ್ಲ. ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಬ್ಯಾಂಜೊ ಇಟ್ಟಿದ್ದರು. ಬೀಗರು ಬಗ್ಗಿ ಓದಿ, "ಓಹೋ, ಇದನ್ನ ಅವರೇ ಮಾಡಿದ್ದಾ? ಹೇಳ್ಲೇ ಇಲ್ಲ ಪುಣ್ಯಾತ್ಮ" ಎಂದರು. ಯಾರೂ ಅಲ್ಲಗಳೆಯಲಿಲ್ಲ. ನಾನೂ ವಡೆ ತಿನ್ನುತ್ತಿದ್ದೆ.

ಜಯಮ್ಮ ತಡವಾಗಿ ಬಂದರು. ಪಟ್ಟಿಯ ಮೇಲೆ ಬೆರಳಾಡಿಸಿದರು, ಅಕ್ಷರ ಕಲಿಯುವವರ ಹಾಗೆ ನಿಧಾನವಾಗಿ. ಆಮೇಲೆ ಫೋಟೋ ಕಡೆ ನೋಡಿ, "ಇದನ್ನೂ ನಿನ್ ಹೆಸ್ರಿಗೆ ಮಾಡ್ಕೊಂಡ್ಯಾ ಅಣ್ಣ" ಎಂದರು.

"ತಗೊಂಡ್ಹೋಗು ಜಯಾ," ಎಂದಳು ಮುನಿರಾಜಣ್ಣನ ಹೆಂಡತಿ.

"ಬೇಡ ಅತ್ತಿಗೆ. ಇರ್ಲಿ ಅವನ ಹತ್ರಾನೇ."

ಗೇಟಿನವರೆಗೆ ಬಿಡಲು ಹೋದ ನಾನು ತಡೆಯಲಾರದೆ ಕೇಳಿದೆ: "ಅಕ್ಕ, ನಿಜವಾಗ್ಲೂ ಯಾರ ಹೆಸರಿತ್ತು ಅಲ್ಲಿ?"

ಅವರು ಚಪ್ಪಲಿ ಮೆಟ್ಟಿಕೊಂಡರು. "ಹೇಳಲ್ಲ ಸಾರ್. ಅಪ್ಪನ ಆಸ್ತಿಲಿ ನನ್ ಪಾಲಿಗೆ ಬಂದಿದ್ದು ಅದೊಂದೇ."