ಕರಿಕಂಬಳಿಯ ಮೇಲೆ ಉಂಡ ಮುದ್ದೆ

ನಾನು ಪಶುವೈದ್ಯ. ಶಿರಾ ಕಡೆಯ ಹಟ್ಟಿಯೊಂದರಲ್ಲಿ ಕುರಿಗೆ ಹೆರಿಗೆ ಕಷ್ಟವಾಗಿ ನನ್ನನ್ನು ಕರೆಸಿದ್ದರು. ಎಷ್ಟು ಒದ್ದಾಡಿದರೂ ತಾಯಿ ಉಳಿಯಲಿಲ್ಲ, ಮರಿ ಮಾತ್ರ ಬದುಕಿತು. ಬೈಗುಳಕ್ಕೆ ಕಾಯುತ್ತಾ ಕೈ ತೊಳೆಯುತ್ತಿದ್ದೆ. ಮನೆಯ ಅಜ್ಜಿ ಒಳಗಿನಿಂದ ಕರಿಕಂಬಳಿ ತಂದು ನಡುಮನೆಯಲ್ಲಿ ಹಾಸಿದರು. ಮದುವೆಗೆ, ದೇವರ ಕಾರ್ಯಕ್ಕೆ ಮಾತ್ರ ಹಾಸುವ ಕಂಬಳಿ ಅದು.

"ಕುತ್ಕಳಪ್ಪ, ಮುದ್ದೆ ಉಂಡೋಗು."

"ಬೇಡಮ್ಮ. ನಿಮ್ಮ ಕುರಿ ಉಳಿಸೋಕೆ ಆಗ್ಲಿಲ್ಲ. ಬಟ್ಟೆಯೆಲ್ಲ ರಕ್ತ ಬೇರೆ."

"ರಕ್ತ ಒಗುದ್ರೆ ಹೋಯ್ತದೆ. ಮರಿ ಉಳ್ಸಿದೋರು ಹಸ್ಕಂಡು ಹೋಗ್ಬಾರ್ದು ಕಣಪ್ಪ."

ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿದೆ. ಅಜ್ಜಿ ಪಕ್ಕದಲ್ಲೇ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾ ಸದ್ದಿಲ್ಲದೆ ಅಳುತ್ತಿದ್ದರು. ನಡುನಡುವೆ ನನ್ನ ತಟ್ಟೆಗೆ ಸಾರು ಬಡಿಸುತ್ತಿದ್ದರು.

ತಾಯಿ, ಮರಿ ಎರಡನ್ನೂ ಉಳಿಸಿಕೊಟ್ಟ ಎಷ್ಟೋ ಮನೆಗಳಲ್ಲಿ ನನಗೆ ಒಂದು ಲೋಟ ನೀರು ಕೊಟ್ಟವರೂ ಇಲ್ಲ.