ಹರಾಜಿನ ಮನೆಯ ಮೋಟು ಕೋಣೆ

ಬಟ್ಟೆ ಹೊಲಿಯುವ ಟೇಪಕ್ಕನನ್ನು ಯಾರಾದರೂ ನಕ್ಕು ಮಾತಾಡಿಸಿದರೆ ಸಾಕು, ಇವರಿಗೇನು ಬೇಕಾಗಿದೆಯೋ ಎಂದು ಅವಳ ಮನಸ್ಸು ಲೆಕ್ಕ ಹಾಕತೊಡಗುತ್ತಿತ್ತು. ಗಿರಾಕಿ ಬಾಯಲ್ಲಿ ಹೇಳಿದ ಅಳತೆಯನ್ನು ಒಮ್ಮೆಯೂ ನಂಬಿದವಳಲ್ಲ. ಕೊರಳಲ್ಲಿ ಸದಾ ನೇತಾಡುವ ಟೇಪಿನಿಂದಲೇ ಆ ಹೆಸರು ಬಂದಿತ್ತು. ತೆರಿಗೆ ಕಟ್ಟದೆ ಬಿಟ್ಟ ಮನೆಗಳನ್ನು ಹರಾಜು ಹಾಕುತ್ತಾರಂತೆ ಎಂದು ಗಂಡ ಸುದ್ದಿ ತಂದಾಗಲೂ ಅವಳು ಹೇಳಿದ್ದು ಒಂದೇ ಮಾತು: "ಅಗ್ಗ ಅಂದ್ರೆ ಏನೋ ಹುಳುಕಿದೆ."

ಆದರೆ ಅವಳು ಬಾಡಿಗೆಗಿದ್ದ ಅಂಗಡಿಯ ಮಾಲೀಕ ಜಾಗ ಖಾಲಿ ಮಾಡಿ ಎಂದು ಪಟ್ಟು ಹಿಡಿದಿದ್ದ. ಹೊಲಿಗೆ ಯಂತ್ರ ಇಡಲು ಸ್ವಂತದ್ದೊಂದು ಸೂರು ಸಿಗದಿದ್ದರೆ ಕಸುಬೇ ನಿಂತುಹೋಗುತ್ತಿತ್ತು. ಕೂಡಿಟ್ಟ ಗಂಟಿಗೆ ನಿಲುಕುತ್ತಿದ್ದುದು ಹರಾಜಿನ ಪಟ್ಟಿಯಲ್ಲಿದ್ದ ಒಂದೇ ಮನೆ.

ಹರಾಜಿಗೆ ಮುಂಚೆ ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಿಕೊಳ್ಳಿ ಎಂದಿದ್ದರು ತೆರಿಗೆ ಕಚೇರಿಯವರು. ಟೇಪಕ್ಕ ಬೀದಿಯಲ್ಲಿ ನಿಂತು ಮುಂಗೋಡೆಗೆ ಟೇಪು ಹಿಡಿದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಗಾರೆ ಮೇಸ್ತ್ರಿ ಬೀಗದ ಕೈ ಕುಣಿಸುತ್ತ ಬಂದ. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ.

"ಒಳಗೆ ಬಂದು ನೋಡಮ್ಮ. ಹಳೇ ಮಾಲೀಕ ಹೋಗುವಾಗ ಬೀಗದ ಕೈ ನನ್ ಹತ್ರಾನೇ ಕೊಟ್ಟು ಹೋದ. ಚಿನ್ನದಂಥ ಮನೆ."

"ಅಷ್ಟು ಚಿನ್ನ ಆಗಿದ್ರೆ ನೀವೇ ಕೂಗಬಹುದಲ್ಲ ಅಣ್ಣಾ?"

"ನಂಗ್ಯಾಕಮ್ಮ? ಇರೋದೇ ಸಾಕು."

ಸಾಕು ಎನ್ನುವವರನ್ನು ಟೇಪಕ್ಕ ಅಷ್ಟಾಗಿ ಕಂಡಿರಲಿಲ್ಲ. ಮೇಸ್ತ್ರಿ ನಲ್ಲಿ ತೋರಿಸಿದ, ಕಿಟಕಿ ತೋರಿಸಿದ. ಅವಳು ಕುಕ್ಕರುಗಾಲಲ್ಲಿ ಕೂತು ನೆಲದ ಅಗಲ ಅಳೆದಳು. ಮತ್ತೆ ಅಳೆದಳು. ಹೊರಗಿನದಕ್ಕಿಂತ ಒಂದು ಮಂಚದ ಅಗಲದಷ್ಟು ಕಡಿಮೆ! ಉಳಿದ ಗೋಡೆಗಳ ಗಾರೆ ಉದುರುತ್ತಿತ್ತು, ಮೇಸ್ತ್ರಿಯ ಕಡೆಯದು ಮಾತ್ರ ಕೆನ್ನೆಯಂತೆ ನುಣ್ಣಗಿತ್ತು. ಖಾಲಿ ಬಿದ್ದ ಮನೆಯೊಳಕ್ಕೆ ಗೋಡೆಯನ್ನೇ ಸರಿಸಿಕೊಂಡಿದ್ದಾನೆ ಮಹರಾಯ. ಮನೆ ಇರುವುದೇ ಇಷ್ಟು ಎಂದು ನಂಬಿ ಬರುವ ಬಕರಾ ಬೇಕಾಗಿತ್ತು ಅವನಿಗೆ.

ಅವಳು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ನಲ್ಲಿ ಚೆನ್ನಾಗಿದೆ ಎಂದಷ್ಟೇ ಹೇಳಿ ಹೊರಬಂದಳು.

ಹರಾಜಿನ ದಿನ ಇನ್ನೊಂದು ಅನುಮಾನ ಹುಟ್ಟಿತು. ಬೇರೆಯವರು ಯಾಕೆ ಅರೆಮನಸ್ಸಿನಿಂದ ಕೂಗುತ್ತಿದ್ದಾರೆ? ತನಗೆ ಕಾಣದ್ದು ಇನ್ನೇನಾದರೂ ಇದೆಯೇ? ಗಂಡ ಮೊಣಕೈಯಿಂದ ತಿವಿದ. "ಕೂಗೇ! ಅವರಿವರ ಮುಖ ಆಮೇಲೆ ನೋಡುವೆಯಂತೆ." ಕೂಗಿದಳು. ಮನೆ ಅವಳದಾಯಿತು.

ಪತ್ರ ಕೈಗೆ ಬಂದ ದಿನವೇ ಮೇಸ್ತ್ರಿಯ ಬಾಗಿಲು ತಟ್ಟಿದಳು.

"ಅಣ್ಣಾ, ಗೋಡೆ ನೀವೇ ಒಡೀತೀರೋ, ನಾನು ಆಳು ಕರೆಸಲೋ?"

ಮೇಸ್ತ್ರಿಯ ಮುಖ ಸಣ್ಣದಾಯಿತು. "ಅಲ್ಲಿ ನನ್ ಮಗಳು ಕೂಸು ಹಾಕ್ಕೊಂಡು ಮಲಗಿದ್ದಾಳಮ್ಮ. ಬೇರೆ ಜಾಗ ಇಲ್ಲ."

"ನಡೀರಿ, ನೋಡೇಬಿಡೋಣ."

ಸುಳ್ಳಾಗಿರಲಿಲ್ಲ. ಆ ಕಿರಿದಾದ ಜಾಗದಲ್ಲಿ ಹುಡುಗಿಯೊಬ್ಬಳು ನಿದ್ದೆಗಣ್ಣಲ್ಲೇ ಮಗುವನ್ನು ಎದೆಗೊತ್ತಿಕೊಂಡಿದ್ದಳು. ಟೇಪಕ್ಕನ ಕೈ ತಾನಾಗಿ ಮಗುವಿನ ಕುತ್ತಿಗೆಗೆ ಹೋಯಿತು. "ಹೊಲಿಗೆ ಒತ್ತುತ್ತೆ ಕಣಮ್ಮಾ. ಅಂಗಿ ತಿರುವಿ ಹಾಕು."

ಹೊರಗೆ ಬಂದವಳು ಮತ್ತೆ ಬಿಗಿಯಾದಳು. "ಮಗು ಅಂಬೆಗಾಲಿಡೋವರೆಗೂ ಇರಲಿ. ಆಮೇಲೆ ನೀವೇ ಒಡೆದು, ಮೊದಲಿದ್ದ ಜಾಗದಲ್ಲೇ ಗೋಡೆ ಕಟ್ಟಿಕೊಡಬೇಕು. ಬರೆದು ಸಹಿ ಹಾಕಿ."

"ಅಜ್ಜ ಆದೋನ ಮಾತು ನಂಬಲ್ವೇನಮ್ಮಾ?"

"ಮೊಮ್ಮಗನ್ನ ನಂಬ್ತೀನಣ್ಣ. ನಿಮ್ಮದು ಸಹಿ ಇರಲಿ."

ಪೆನ್ನು ಹುಡುಕುತ್ತೇನೆಂದು ಒಳಗೆ ಹೋದ ಮೇಸ್ತ್ರಿ ಹೊರಗೆ ಬರುವವರೆಗೂ ಟೇಪಕ್ಕ ಬಾಗಿಲು ಬಿಟ್ಟು ಕದಲಲಿಲ್ಲ.